ಅಜ್ಜಿಯ ಧರ್ಮ ಯಾವುದು ಎಂದು ಸರ್ಕಾರ ಕೇಳಿದಾಗ

ಕಳೆದ ಸಂಚಿಕೆಯಲ್ಲಿ ಜರ್ಮನ್ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಯಹೂದಿ ಎಂಬ ಕಾರಣಕ್ಕೆ ಜರ್ಮನಿಯಲ್ಲಿ ಅವರ ಕೆಲಸ ಹೋಗಿತ್ತು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ವಿರಾಜಪೇಟೆಯಿಂದ ಹಿಡಿದು ಕುಶಾಲನಗರದವರೆಗೆ ಎಲ್ಲಾ ಕಡೆಯಿಂದ ಬಂದಿವೆ. ಇಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಲಾಟೀನು ಹಚ್ಚಿಕೊಂಡು ಒಂದೊಂದೇ ಪತ್ರ ಓದಿದೆ. ಈ ಸಲದ ಪೂರ್ತಿ ಜಾಗ ಈ ವಿಷಯಕ್ಕೇ ಇರಲಿ. ಬೇರೆ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ಹಿಟ್ಲರ್ 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದ ಅಂತ ನಾವು ಓದುತ್ತೇವೆ. ಅದು ಒಂದೇ ಸಲಕ್ಕೆ ಶುರುವಾಯಿತಾ? ಆ ದೇಶದಲ್ಲಿ ಕಾನೂನು ಅಂತ ಏನೂ ಇರಲಿಲ್ವಾ?
– ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಕಾನೂನು ಇತ್ತು ಮಗಳೇ. ಬಹುಪಾಲು ಕಾನೂನಿನ ಕಾಗದದ ಮೇಲೆಯೇ ನಡೆಯಿತು. ನನ್ನ ನಿದ್ದೆ ಕೆಡಿಸುವುದು ಅದೇ.

ಹಿಟ್ಲರ್ 1933ರ ಜನವರಿ 30ರಂದು ಅಧಿಕಾರಕ್ಕೆ ಬಂದ. ಆಗ ಜರ್ಮನಿಯಲ್ಲಿ ಸುಮಾರು 5 ಲಕ್ಷ ಯಹೂದಿಗಳಿದ್ದರು. ನೂರು ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಮಾರ್ಚ್ 23ರಂದು ಪಾರ್ಲಿಮೆಂಟು ತನ್ನ ಕಾನೂನು ಮಾಡುವ ಅಧಿಕಾರವನ್ನೇ ಸರ್ಕಾರದ ಕೈಗೆ ಬರೆದುಕೊಟ್ಟಿತು. ಪರವಾಗಿ 444 ಮತ, ವಿರುದ್ಧ 94. ವಿರುದ್ಧ ನಿಂತದ್ದು ಸೋಷಿಯಲ್ ಡೆಮಾಕ್ರಟರು ಮಾತ್ರ. ಕಮ್ಯುನಿಸ್ಟ್ ಸದಸ್ಯರನ್ನು ಅಷ್ಟರಲ್ಲಿ ಜೈಲಿಗೆ ಹಾಕಿದ್ದರು, ಉಳಿದವರು ತಲೆಮರೆಸಿಕೊಂಡಿದ್ದರು.

ಏಪ್ರಿಲ್ 1ಕ್ಕೆ ಯಹೂದಿಗಳ ಅಂಗಡಿಗಳ ಮುಂದೆ ಸಮವಸ್ತ್ರ ಹಾಕಿದ ನಾಜಿಗಳು, ಅಂದರೆ ಹಿಟ್ಲರನ ಪಕ್ಷದವರು, ನಿಂತರು. ಒಳಗೆ ಹೋಗಬೇಡಿ ಅಂತ ಗಿರಾಕಿಗಳಿಗೆ ಹೇಳಿದರು. ಅದು ಬೀದಿಯಲ್ಲಿ ಎಲ್ಲರಿಗೂ ಕಂಡಿತು. ಕಚೇರಿಯ ಒಳಗೆ ಆದದ್ದು ಹಾಗೆ ಕಾಣಲಿಲ್ಲ. ವಾರದೊಳಗೆ, ಏಪ್ರಿಲ್ 7ಕ್ಕೆ, ಸರ್ಕಾರಿ ನೌಕರರ ಕಾನೂನು ಬಂತು. 'ವೃತ್ತಿಪರ ನಾಗರಿಕ ಸೇವೆಯ ಪುನಃಸ್ಥಾಪನೆ' ಅಂತ ಅದಕ್ಕೆ ಹೆಸರು. ಕೇಳಿದರೆ ಎಷ್ಟು ಸಭ್ಯವಾಗಿದೆ ಅಲ್ವಾ? ಅದರ ಒಳಗೆ ಇದ್ದದ್ದು ಇಷ್ಟೇ: 'ಆರ್ಯ'ರಲ್ಲದ ನೌಕರರನ್ನು ಮನೆಗೆ ಕಳಿಸಿ. ನಾಲ್ಕು ದಿನ ಬಿಟ್ಟು ಇನ್ನೊಂದು ಆದೇಶ. ನಾಲ್ವರು ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ನೀವು ಆರ್ಯರಲ್ಲ. ಅದೇ ತಿಂಗಳಲ್ಲಿ ವಕೀಲರಿಗೆ ಒಂದು ಕಾನೂನು, ವಿಮೆಯ ರೋಗಿಗಳನ್ನು ನೋಡುವ ಡಾಕ್ಟರುಗಳಿಗೆ ಒಂದು, ಶಾಲೆ ಕಾಲೇಜಿಗೆ ಒಂದು. ಯಹೂದಿಗಳು ತಮ್ಮ ಧರ್ಮದ ಪ್ರಕಾರ ಮಾಂಸಕ್ಕೆ ಪ್ರಾಣಿ ಕೊಯ್ಯುವುದನ್ನು ತಡೆಯಲು ಇನ್ನೊಂದು. ಮ್ಯಾಕ್ಸ್ ಬಾರ್ನ್ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ತಮ್ಮನ್ನು ಕೆಲಸದಿಂದ ದೂರ ಇಟ್ಟ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿ ತಿಳಿದುಕೊಂಡರು.

ಇಲ್ಲಿ ಸ್ವಲ್ಪ ನನ್ನ ಕಥೆ ಹೇಳಬೇಕು. ಮೇಷ್ಟ್ರ ಕೆಲಸಕ್ಕೆ ಸೇರುವ ಮುಂಚೆ ನಾನು ಆರು ವರ್ಷ ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದೆ. ನನ್ನ ಮೇಜಿಗೆ ಬರುತ್ತಿದ್ದ ಕಾಗದಗಳಲ್ಲಿ ಜಾಸ್ತಿ ಇದ್ದದ್ದು ವಂಶವೃಕ್ಷ. ತಂದೆ ತೀರಿಹೋದರು, ಜಮೀನು ಮಕ್ಕಳ ಹೆಸರಿಗೆ ಆಗಬೇಕು. ಅಜ್ಜನ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಮಕ್ಕಳು ಮೊಮ್ಮಕ್ಕಳನ್ನು ಬರೆಯಬೇಕು. ಜಮ್ಮಾ ಬಾಣೆ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನು, ಇರುವವರಾದರೆ ಆ ಹಾಳೆ ಮೇಜಿನಿಂದ ಕೆಳಗೆ ಇಳಿಯುತ್ತಿತ್ತು. ಹಿರಿಯರು ಎದುರಿನ ಬೆಂಚಿನಲ್ಲಿ ಕೂತು ಯಾವ ಅಜ್ಜಿ ಯಾವ ಮನೆಯಿಂದ ಬಂದವಳು ಅಂತ ಹೇಳುತ್ತಿದ್ದರು. ನನಗೆ ಅದು ಬಹಳ ಇಷ್ಟದ ಕೆಲಸ. ಸತ್ತವರೆಲ್ಲ ಒಮ್ಮೆ ಎದ್ದು ಬಂದು ತಮ್ಮ ಜಾಗದಲ್ಲಿ ಕೂತ ಹಾಗೆ ಅನಿಸುತ್ತಿತ್ತು.

ಅದೇ ವಂಶವೃಕ್ಷವನ್ನು ಜರ್ಮನಿಯಲ್ಲಿ ಮನುಷ್ಯರನ್ನು ಬೇರೆ ಮಾಡಲು ಬಳಸಿದರು. ಸರ್ಕಾರಿ ಕೆಲಸ ಬೇಕಾದ ಪ್ರತಿಯೊಬ್ಬ ಜರ್ಮನ್ನನೂ ಅಜ್ಜ ಅಜ್ಜಿಯರ ಜನನ, ವಿವಾಹ, ದೀಕ್ಷಾಸ್ನಾನದ ದಾಖಲೆ ತರಬೇಕಾಯಿತು. ಊರೂರಿನ ಚರ್ಚುಗಳಿಗೆ ಅರ್ಜಿಗಳ ಸುರಿಮಳೆ. ಪಾದ್ರಿಗಳು ಹಳೆ ರಿಜಿಸ್ಟರ್ ತೆಗೆದು ನಕಲು ಬರೆದು ಕೊಟ್ಟರು. ಎಲ್ಲವನ್ನೂ ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡಿಸಿಕೊಳ್ಳುತ್ತಿದ್ದರು. 'ಪೂರ್ವಜರ ಪಾಸ್‌ಪೋರ್ಟ್' ಅಂತ ಅದರ ಹೆಸರು.

1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್ ನಗರದಲ್ಲಿ ಎರಡು ಕಾನೂನು ಬಂದವು. ಒಂದರ ಪ್ರಕಾರ ಯಹೂದಿ ಪೂರ್ಣ ಹಕ್ಕಿನ ನಾಗರಿಕನಲ್ಲ. ಅವನಿಗೆ ಮತ ಇಲ್ಲ. ಇನ್ನೊಂದರ ಪ್ರಕಾರ ಯಹೂದಿಗಳೂ 'ಜರ್ಮನ್ ರಕ್ತ'ದವರೂ ಮದುವೆಯಾಗುವ ಹಾಗಿಲ್ಲ, ಸಂಬಂಧ ಇಟ್ಟುಕೊಳ್ಳುವ ಹಾಗಿಲ್ಲ. 45 ವರ್ಷದೊಳಗಿನ ಜರ್ಮನ್ ಹೆಂಗಸನ್ನು ಯಹೂದಿ ಮನೆಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ.

ಯಾರು ಯಹೂದಿ? ನವೆಂಬರ್ 14ರ ಆದೇಶ ಅದಕ್ಕೆ ಲೆಕ್ಕ ಕೊಟ್ಟಿತು. ಅಜ್ಜ ಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರು ಯಹೂದಿಗಳಾಗಿದ್ದರೆ ನೀವು ಯಹೂದಿ. ಇಬ್ಬರಾದರೆ ನೀವು ಯಾರನ್ನು ಮದುವೆಯಾಗಿದ್ದೀರಿ, ಯಹೂದಿ ಸಮುದಾಯದ ಪಟ್ಟಿಯಲ್ಲಿ ಇದ್ದೀರಾ ಅಂತ ನೋಡುತ್ತಾರೆ. ಈ ಮಾತನ್ನು ಗಮನವಿಟ್ಟು ಓದು ಮಗಳೇ. ಬಾಯಿ ತೆರೆದರೆ ರಕ್ತ, ರಕ್ತ ಅನ್ನುತ್ತಿದ್ದರು. ಆದರೆ ರಕ್ತ ನೋಡಿ ಯಹೂದಿ ಅಂತ ಹೇಳುವ ಪರೀಕ್ಷೆ ಯಾವುದೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಅವರು ನೋಡಿದ್ದು ಅಜ್ಜಿಯ ಧರ್ಮ ಬರೆದಿರುವ ರಿಜಿಸ್ಟರನ್ನು. ಎಡಿತ್ ಸ್ಟೈನ್ ಯಹೂದಿ ಮನೆಯಲ್ಲಿ ಹುಟ್ಟಿ, 1922ರಲ್ಲಿ ಕ್ಯಾಥೊಲಿಕ್ ಆಗಿ, ಆಮೇಲೆ ಸನ್ಯಾಸಿನಿಯಾದವರು. 1933ರಲ್ಲಿ ಅವರ ಉಪನ್ಯಾಸಕಿ ಕೆಲಸ ಹೋಯಿತು. 1942ರ ಆಗಸ್ಟ್‌ನಲ್ಲಿ ಅವರನ್ನು ಆಶ್ವಿಟ್ಸ್ ಎಂಬ ಕೊಲೆ ಶಿಬಿರದಲ್ಲಿ ಕೊಂದರು. ಅವರು ಕೈ ಮುಗಿಯುತ್ತಿದ್ದ ದೇವರು ಯಾರು ಅಂತ ಯಾರೂ ಕೇಳಲಿಲ್ಲ.

ಜನ ಸುಮ್ನೆ ನೋಡುತ್ತಿದ್ದರಾ ಅಂತಲೂ ಬರೆದಿದ್ದೀಯ. ಬಹಳ ಜನ ಸುಮ್ಮನಿದ್ದರು. ಖಾಲಿಯಾದ ಕುರ್ಚಿಗೆ ಬೇರೆಯವರು ಬಂದರು. ಮುಚ್ಚಿದ ಅಂಗಡಿಯನ್ನು ಅರ್ಧ ಬೆಲೆಗೆ ಕೊಂಡವರಿದ್ದರು. ಮೊದಲ ಆರು ವರ್ಷದಲ್ಲೇ 400ಕ್ಕೂ ಜಾಸ್ತಿ ಆದೇಶ ಬಂದವು. ಇವತ್ತು ಪಾರ್ಕಿನ ಬೆಂಚು, ನಾಳೆ ಈಜುಕೊಳ. ಪ್ರತಿ ಸಲವೂ 'ಇಷ್ಟಕ್ಕೇ ನಿಲ್ಲುತ್ತದೆ' ಅಂದುಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಯಹೂದಿಗಳಲ್ಲೂ ಹಾಗೆ ನಂಬಿದವರು ಕಡಿಮೆಯಿರಲಿಲ್ಲ.

ಪ್ರಶ್ನೆ: ನಾನು 22 ವರ್ಷ ಸೈನ್ಯದಲ್ಲಿದ್ದು ಬಂದವನು. ಜರ್ಮನಿಯ ಸೈನ್ಯದಲ್ಲಿ ಯಹೂದಿಗಳು ಇದ್ದರಾ? ಇದ್ದರೆ ಮಾಜಿ ಸೈನಿಕರನ್ನೂ ಹೀಗೆ ನಡೆಸಿಕೊಂಡರಾ?
– ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಉತ್ತರ: ಸುಬೇದಾರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಗೊಬ್ಬ ಯೋಧ ಇರುವ ಜಿಲ್ಲೆ ನಮ್ಮದು. ಈ ಪ್ರಶ್ನೆ ಇಲ್ಲಿಂದಲೇ ಬರಬೇಕಿತ್ತು.

ಇದ್ದರು. ಮೊದಲ ಮಹಾಯುದ್ಧದಲ್ಲಿ ಸುಮಾರು ಒಂದು ಲಕ್ಷ ಯಹೂದಿಗಳು ಜರ್ಮನಿಯ ಪರವಾಗಿ ಹೋರಾಡಿದರು. ಸುಮಾರು 12,000 ಜನ ಸತ್ತರು. ಸಾವಿರಾರು ಜನಕ್ಕೆ ಪದಕ ಬಂತು. ಅವಮಾನ ಆಗಲೇ ಶುರುವಾಗಿತ್ತು. 1916ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಯುದ್ಧ ಇಲಾಖೆ ಸೈನ್ಯದಲ್ಲಿರುವ ಯಹೂದಿಗಳನ್ನು ಮಾತ್ರ ಬೇರೆಯಾಗಿ ಎಣಿಸಿತು. ಅವರು ಕಾಳಗದಿಂದ ತಪ್ಪಿಸಿಕೊಳ್ಳುತ್ತಾರೆ ಅನ್ನುವ ಗಾಳಿಮಾತು ಅದಕ್ಕೆ ಕಾರಣ. ಎಣಿಕೆಯ ಫಲಿತಾಂಶವನ್ನು ಯುದ್ಧ ಮುಗಿಯುವವರೆಗೂ ಹೊರಗೆ ಹಾಕಲಿಲ್ಲ. ಕಂದಕದಲ್ಲಿ ಕೆಸರಿನೊಳಗೆ ನಿಂತ ಸೈನಿಕನ ಹತ್ತಿರ ಬಂದು 'ನೀನು ಯಹೂದಿಯಾ, ಎಲ್ಲಿ ಡ್ಯೂಟಿ' ಅಂತ ಬರೆದುಕೊಂಡು ಹೋಗುವುದನ್ನು ಯೋಚಿಸಿ ನೋಡಿ. ಪಕ್ಕದಲ್ಲಿ ನಿಂತವನನ್ನು ಏನೂ ಕೇಳುವುದಿಲ್ಲ.

1933ರಲ್ಲಿ ಆಗಿನ ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನಿಗೆ ಪತ್ರ ಬರೆದರು. ಅವರೂ ಹಳೆಯ ಸೇನಾಪತಿ. ಜರ್ಮನಿಗಾಗಿ ರಕ್ತ ಸುರಿಸಿದವರನ್ನು ಕೆಲಸದಿಂದ ತೆಗೆಯುವುದು ಸರಿಯಲ್ಲ ಅಂತ ಅವರ ವಾದ. ಹಾಗಾಗಿ ಏಪ್ರಿಲ್‌ನ ಕಾನೂನಿನಲ್ಲಿ ರಣರಂಗದಲ್ಲಿ ಹೋರಾಡಿದವರಿಗೆ, ಯುದ್ಧದಲ್ಲಿ ತಂದೆಯನ್ನೋ ಮಗನನ್ನೋ ಕಳೆದುಕೊಂಡವರಿಗೆ ವಿನಾಯಿತಿ ಸಿಕ್ಕಿತು. ಬಹಳ ಜನರ ನೌಕರಿ ಅದರಿಂದ ಉಳಿಯಿತು. ಅದರಿಂದಲೇ ಬಹಳ ಜನ ದೇಶ ಬಿಡದೆ ಉಳಿದರು. 'ನಾವು ದೇಶಕ್ಕಾಗಿ ಹೋರಾಡಿದವರು, ನಮ್ಮನ್ನು ಮುಟ್ಟುವುದಿಲ್ಲ' ಅಂತ ನಂಬಿದರು.

ಹಿಂಡೆನ್‌ಬರ್ಗ್ 1934ರ ಆಗಸ್ಟ್‌ನಲ್ಲಿ ತೀರಿಹೋದರು. ಅದೇ ವರ್ಷ ಮಹಾಯುದ್ಧದ ಎಲ್ಲಾ ಸೈನಿಕರಿಗೆ ಒಂದು ಗೌರವ ಪದಕ ಕೊಡುವ ಯೋಜನೆ ಬಂದಿತ್ತು. ಅರ್ಜಿ ಹಾಕಿದ ಯಹೂದಿ ಸೈನಿಕರಿಗೂ ಪದಕ ಬಂತು, ಜೊತೆಗೆ ಹಿಟ್ಲರನ ಹೆಸರಲ್ಲಿ ಪ್ರಮಾಣಪತ್ರ. ಮುಂದಿನ ವರ್ಷ ಮೇ ತಿಂಗಳಲ್ಲಿ ಸೈನ್ಯದ ಬಾಗಿಲು ಯಹೂದಿಗಳಿಗೆ ಮುಚ್ಚಿತು. 1935ರ ಡಿಸೆಂಬರ್ 31ಕ್ಕೆ ವಿನಾಯಿತಿಯೂ ಮುಗಿಯಿತು. ಪದಕ ಹಾಕಿಕೊಂಡವರೂ ಕೆಲಸ ಬಿಟ್ಟು ಮನೆಗೆ ನಡೆದರು. 1942ರ ನಂತರ ಪದಕ ಪಡೆದವರನ್ನು, ಗಾಯಾಳುಗಳನ್ನು ಮತ್ತು ವಯಸ್ಸಾದವರನ್ನು ಟೆರೇಜಿನ್‌ಸ್ಟಾಟ್ ಎಂಬ ಕಡೆಗೆ ಸಾಗಿಸಿದರು. ಅದು 'ವಿಶೇಷ ಮರ್ಯಾದೆ' ಅಂತ ಹೇಳಿದರು. ಅಲ್ಲಿ ಸಾವಿರಾರು ಜನ ಹಸಿವು, ಕಾಯಿಲೆಯಿಂದ ಸತ್ತರು. ಅಲ್ಲಿಂದ ಸಾವಿರಾರು ಜನರನ್ನು ಆಶ್ವಿಟ್ಸ್‌ಗೆ ಕಳಿಸಿದರು.

ಪ್ರಶ್ನೆ: ನಮಗೆ ಕೋವಿ ಇಲ್ಲದೆ ಆಯುಧ ಪೂಜೆಯ ಕೈಲ್‌ಪೊಳ್ದ್ ಹಬ್ಬವೇ ಇಲ್ಲ. ಯಹೂದಿಗಳು ಕೋವಿ ಇಟ್ಟುಕೊಳ್ಳಬಹುದಿತ್ತಾ?
– ನಾಪೋಕ್ಲು

ಉತ್ತರ: 1938ರ ನವೆಂಬರ್ 11ರ ಆದೇಶದಿಂದ ಪೂರ್ತಿ ನಿಂತಿತು. ಕೋವಿ ಅಷ್ಟೇ ಅಲ್ಲ, ಕತ್ತಿ, ಕಠಾರಿಗೂ ಅದು ಅನ್ವಯ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವ ನಾಡಿನಲ್ಲಿ ಕೋವಿ ಎಂದರೆ ಏನು ಅಂತ ನಾನು ಹೇಳಬೇಕಿಲ್ಲ.

ಪ್ರಶ್ನೆ: ಯಹೂದಿ ರೈತರು ಇದ್ದರಾ? ಅವರ ಆಸ್ತಿ ಏನಾಯಿತು?
– ಕಾಫಿ ಬೆಳೆಗಾರ, ಸುಂಟಿಕೊಪ್ಪ

ಉತ್ತರ: ಯಹೂದಿಗಳು ಜಾಸ್ತಿ ಇದ್ದದ್ದು ಪಟ್ಟಣಗಳಲ್ಲಿ. ಹಳ್ಳಿಯಲ್ಲಿದ್ದವರಲ್ಲಿ ಹೆಚ್ಚಿನವರು ದನದ ವ್ಯಾಪಾರಿಗಳು. 1933ರ ಸೆಪ್ಟೆಂಬರಿನಲ್ಲಿ ಬಂದ ಒಂದು ಕಾನೂನು ನಿಮಗೆ ಕುತೂಹಲ ಅನಿಸಬಹುದು. ಕುಟುಂಬದ ಹೊಲವನ್ನು ಮಾರುವ ಹಾಗಿಲ್ಲ, ಭಾಗ ಮಾಡುವ ಹಾಗಿಲ್ಲ, ಒಬ್ಬ ವಾರಸುದಾರನಿಗೆ ಹೋಗಬೇಕು. ಇಷ್ಟು ಕೇಳಿದರೆ ನಮ್ಮ ಕಡೆಯ ಹಳೆಯ ಜಮ್ಮಾ ಪದ್ಧತಿ ನೆನಪಾಗುತ್ತದೆ. ಆದರೆ 'ರೈತ' ಅನಿಸಿಕೊಳ್ಳಲು 1800ರ ಜನವರಿ 1ರವರೆಗೆ ಹಿಂದೆ ಹೋದರೂ ವಂಶದಲ್ಲಿ ಯಹೂದಿ ರಕ್ತ ಇರಬಾರದು ಅಂತ ಅದರಲ್ಲಿ ಬರೆದಿತ್ತು.

ಆಸ್ತಿಯ ಕಥೆ ಇನ್ನೂ ಕೆಟ್ಟದ್ದು. 1938ರ ಏಪ್ರಿಲ್ 26ಕ್ಕೆ ಒಂದು ಆದೇಶ: ಜರ್ಮನಿಯ ಹಣದಲ್ಲಿ 5,000 ಮಾರ್ಕ್‌ಗಿಂತ ಜಾಸ್ತಿ ಆಸ್ತಿ ಇರುವ ಯಹೂದಿಗಳು ಎಲ್ಲವನ್ನೂ ನೋಂದಾಯಿಸಬೇಕು. ಬರೀ ಪಟ್ಟಿ ಕೊಡುವುದು, ಅಷ್ಟೇ ಅಂತ ಕಂಡಿತು. ಅದೇ ವರ್ಷ ನವೆಂಬರ್ 9ರ ರಾತ್ರಿ ದೇಶದ ತುಂಬಾ ಯಹೂದಿ ಮಂದಿರಗಳಿಗೆ ಬೆಂಕಿ ಬಿತ್ತು. ಸಾವಿರಾರು ಅಂಗಡಿ ಪುಡಿಯಾದವು. ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ಹಾಕಿದರು. ಮೂರು ದಿನ ಬಿಟ್ಟು ಸರ್ಕಾರ ದಂಡ ಹಾಕಿತು. ಯಾರಿಗೆ? ಮನೆ ಅಂಗಡಿ ಕಳೆದುಕೊಂಡ ಯಹೂದಿಗಳಿಗೇ. ನೂರು ಕೋಟಿ ಮಾರ್ಕ್. ವಿಮೆಯ ಹಣವನ್ನೂ ಸರ್ಕಾರವೇ ತೆಗೆದುಕೊಂಡಿತು. ಯಾರಿಂದ ಎಷ್ಟು ವಸೂಲಿ ಮಾಡಬೇಕು ಅಂತ ಹೊಸದಾಗಿ ಲೆಕ್ಕ ಹಾಕುವ ಕಷ್ಟವೂ ಇರಲಿಲ್ಲ. ಏಪ್ರಿಲ್‌ನಲ್ಲಿ ಅವರೇ ಕೈಯಾರೆ ತುಂಬಿ ಕೊಟ್ಟ ಪಟ್ಟಿ ಕಚೇರಿಯಲ್ಲಿ ಇತ್ತಲ್ಲ! ಡಿಸೆಂಬರ್ 3ರ ಆದೇಶದಿಂದ ಉಳಿದ ಅಂಗಡಿ, ಜಮೀನನ್ನು ಬಲವಂತವಾಗಿ ಮಾರಿಸುವ ಅಧಿಕಾರವೂ ಅಧಿಕಾರಿಗಳಿಗೆ ಸಿಕ್ಕಿತು.

ಪ್ರಶ್ನೆ: ಮಕ್ಕಳನ್ನಾದರೂ ಬಿಟ್ಟರಾ ಟೀಚರ್? ನನ್ನ ಮಗ ಮೂರನೇ ಕ್ಲಾಸು. ನಿಮ್ಮ ಬರಹ ಓದಿದ ಮೇಲೆ ಅದೇ ಯೋಚನೆ.
– ತಾಯಿ, ಕುಶಾಲನಗರ

ಉತ್ತರ: ಬಿಡಲಿಲ್ಲಮ್ಮ.

1933ರ ಏಪ್ರಿಲ್ 25ರ ಕಾನೂನಿಗೆ 'ಶಾಲೆಗಳ ದಟ್ಟಣೆ ತಡೆ' ಅಂತ ಹೆಸರು. ಹೊಸದಾಗಿ ಸೇರುವವರಲ್ಲಿ ಯಹೂದಿಗಳು ನೂರಕ್ಕೆ ಒಂದೂವರೆಗಿಂತ ಜಾಸ್ತಿ ಇರಬಾರದು. ಇದು ಪ್ರೌಢಶಾಲೆ, ಕಾಲೇಜಿಗೆ. ಚಿಕ್ಕ ಮಕ್ಕಳು ಶಾಲೆಗೆ ಹೋಗುತ್ತಲೇ ಇದ್ದರು. ಆದರೆ ಆ ಕ್ಲಾಸಿನಲ್ಲಿ ಕೂರುವುದು ಹೇಗೆ? ಪಾಠದಲ್ಲಿ 'ಜನಾಂಗ ವಿಜ್ಞಾನ' ಸೇರಿತು. ನಿಮ್ಮ ಜಾತಿಯವರು ಕೀಳು ಅಂತ ಬೋರ್ಡಿನ ಮೇಲೆ ಬರೆದದ್ದನ್ನು ಆ ಮಗು ತಾನೇ ನೋಟ್‌ಬುಕ್‌ನಲ್ಲಿ ನಕಲು ಮಾಡಿಕೊಳ್ಳಬೇಕು. ನಾನು 27 ವರ್ಷ ಪಾಠ ಮಾಡಿದವಳು. ಹಿಂದಿನ ಬೆಂಚಿನಲ್ಲಿ ಒಂದು ಮಗು ತಲೆ ತಗ್ಗಿಸಿ ಕೂತರೆ ಟೀಚರಿಗೆ ಕಾಣುತ್ತದೆ. ಖಂಡಿತಾ ಕಾಣುತ್ತದೆ. ಆ ದೇಶದ ಸಾವಿರಾರು ಟೀಚರುಗಳಿಗೂ ಕಂಡಿರಲೇಬೇಕು.

1938ರ ನವೆಂಬರ್ 15ರಂದು ಉಳಿದಿದ್ದ ಯಹೂದಿ ಮಕ್ಕಳನ್ನೆಲ್ಲ ಜರ್ಮನ್ ಶಾಲೆಗಳಿಂದ ಹೊರಗೆ ಹಾಕಿದರು. ಅವರಿಗೆ ಯಹೂದಿ ಶಾಲೆಗಳು ಮಾತ್ರ ಉಳಿದವು. 1942ರ ಜೂನ್ ಕೊನೆಗೆ ಅವೂ ಮುಚ್ಚಿದವು. 1941ರ ಸೆಪ್ಟೆಂಬರ್ 19ರಿಂದ ಆರು ವರ್ಷ ತುಂಬಿದ ಪ್ರತಿ ಯಹೂದಿ ಹಳದಿ ನಕ್ಷತ್ರವನ್ನು ಬಟ್ಟೆಗೆ ಹೊಲಿದುಕೊಂಡೇ ಹೊರಗೆ ಬರಬೇಕಿತ್ತು. ಆರು ವರ್ಷ ಅಂದರೆ ನಮ್ಮಲ್ಲಿ ಒಂದನೇ ಕ್ಲಾಸು. ತಾಯಂದಿರೇ ಸೂಜಿ ದಾರ ಹಿಡಿದು ಮಕ್ಕಳ ಕೋಟಿಗೆ ಅದನ್ನು ಹೊಲಿದರು. ಎದೆಯ ಎಡಗಡೆಗೆ.

ಮನೆಯಲ್ಲಿ ಸಾಕಿದ ಪ್ರಾಣಿಗಳನ್ನೂ ಬಿಡಲಿಲ್ಲ. 1942ರಲ್ಲಿ ಯಹೂದಿಗಳು ನಾಯಿ, ಬೆಕ್ಕು, ಹಕ್ಕಿ ಸಾಕುವ ಹಾಗಿಲ್ಲ ಅಂತ ಆದೇಶ ಬಂತು. ಬೇರೆಯವರಿಗೆ ಕೊಡುವುದಕ್ಕೂ ಬಿಡಲಿಲ್ಲ. ಡ್ರೆಸ್ಡೆನ್‌ನಲ್ಲಿದ್ದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಅವರ ಹೆಂಡತಿ ತಮ್ಮ ಬೆಕ್ಕನ್ನು ಮೇ ತಿಂಗಳಲ್ಲಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕೊನೆಗಾಣಿಸಿದರು. ಅಧಿಕಾರಿಗಳ ಕೈಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಆ ಬೆಕ್ಕಿನ ಹೆಸರು ಮುಶೆಲ್. ಲಕ್ಷಗಟ್ಟಲೆ ಸಾವಿನ ಲೆಕ್ಕ ಬರೆಯುವಾಗ ಒಂದು ಬೆಕ್ಕಿನ ಬಗ್ಗೆ ಯಾಕೆ ಬರೆದೆ ಅಂತ ಕೇಳಬೇಡಿ. ಲಕ್ಷ ಎನ್ನುವ ಸಂಖ್ಯೆ ನನ್ನ ಮನಸ್ಸಿಗೆ ಹಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಬೆಕ್ಕನ್ನು ಇಟ್ಟುಕೊಂಡು ಹೋಗುವ ಆ ಹೆಂಗಸು ಕಣ್ಣಿಗೆ ಕಟ್ಟುತ್ತಾರೆ.

ಪ್ರಶ್ನೆ: ಇಷ್ಟೆಲ್ಲಾ ಆಗುವಾಗ ದೇಶ ಬಿಟ್ಟು ಹೋಗಬಹುದಿತ್ತಲ್ಲ?
– ಸೋಮವಾರಪೇಟೆ, ಗೋಣಿಕೊಪ್ಪದಿಂದ ಇಬ್ಬರು

ಉತ್ತರ: ಹೋದರು. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಜನ ಹೋಗಿಯಾಗಿತ್ತು. ಆದರೆ ನೀವು ಕೇಳಿದಷ್ಟು ಸುಲಭ ಇರಲಿಲ್ಲ.

ಹೊರಡುವವರು ಆಸ್ತಿವಂತರಾದರೆ ಆಸ್ತಿಯಲ್ಲಿ ಕಾಲು ಭಾಗವನ್ನು ಸರ್ಕಾರ 'ಪಲಾಯನ ತೆರಿಗೆ' ಅಂತ ಕಿತ್ತುಕೊಳ್ಳುತ್ತಿತ್ತು. ಉಳಿದ ಹಣವನ್ನು ಹೊರದೇಶದ ಹಣಕ್ಕೆ ಬದಲಾಯಿಸುವಾಗ ಮತ್ತಷ್ಟು ಕೈ ಬಿಡುತ್ತಿತ್ತು. ಕೊನೆ ಕೊನೆಗೆ ಜೇಬಿನಲ್ಲಿ 10 ಮಾರ್ಕ್ ಮಾತ್ರ ಒಯ್ಯಲು ಬಿಟ್ಟರು. 1938ರ ಅಕ್ಟೋಬರಿನಿಂದ ಪಾಸ್‌ಪೋರ್ಟ್ ಮೇಲೆ ಯಹೂದಿ ಎಂದು ಗುರುತಿಸುವ ಕೆಂಪು 'ಜೆ' ಮುದ್ರೆ. ಮುಂದಿನ ಜನವರಿಯಿಂದ ಹೆಸರಿಗೂ ಕೈ ಹಾಕಿದರು. ಸರ್ಕಾರದ ಪಟ್ಟಿಯಲ್ಲಿರುವ ಯಹೂದಿ ಹೆಸರು ಇಲ್ಲದಿದ್ದರೆ ಗಂಡಸರು 'ಇಸ್ರೇಲ್', ಹೆಂಗಸರು 'ಸಾರಾ' ಅಂತ ಸೇರಿಸಿಕೊಳ್ಳಬೇಕು. ಮನೆಪೆಸರು ಹೇಳಿದರೆ ಯಾವ ಐನ್‌ಮನೆ (ಕುಟುಂಬದ ಮೂಲ ಮನೆ), ಯಾವ ಊರು ಅಂತ ತಿಳಿಯುವ ಜಿಲ್ಲೆಯವರು ನಾವು. ನಮ್ಮ ಹೆಸರಿನ ನಡುವೆ ಯಾರೋ ಒಬ್ಬರು ತುರುಕಿದ ಪದ ಇಟ್ಟುಕೊಂಡು ಸಹಿ ಹಾಕುವುದು ಹೇಗಿರುತ್ತದೆ?

ಇನ್ನು ಹೋಗುವುದಾದರೂ ಎಲ್ಲಿಗೆ? 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶದವರು ಸೇರಿ ಇದನ್ನೇ ಮಾತಾಡಿದರು. ಮರುಕದ ಮಾತು ಬೇಕಾದಷ್ಟು ಬಂತು. ಬಾಗಿಲು ತೆರೆಯುತ್ತೇವೆ ಅಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ. ಮರುವರ್ಷ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು 937 ಜನರನ್ನು ಹೊತ್ತು ಕ್ಯೂಬಾಕ್ಕೆ ಹೋಯಿತು. ಅಲ್ಲಿ ಇಳಿಯಲು ಬಿಟ್ಟದ್ದು 28 ಜನರನ್ನು. ಅಮೆರಿಕವೂ ಬಿಡಲಿಲ್ಲ. ಹಡಗು ಯೂರೋಪಿಗೇ ವಾಪಸ್ಸಾಯಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಅವರನ್ನು ಹಂಚಿಕೊಂಡವು. ಆಮೇಲೆ ಬ್ರಿಟನ್ ಬಿಟ್ಟು ಉಳಿದ ಮೂರನ್ನೂ ಜರ್ಮನಿ ಗೆದ್ದುಕೊಂಡಿತು. ಹಾಗೆ ವಾಪಸ್ಸು ಬಂದವರಲ್ಲಿ 254 ಜನ ಸತ್ತರು. 1941ರ ಅಕ್ಟೋಬರಿನಲ್ಲಿ ಜರ್ಮನಿಯೇ ಹೊರಗೆ ಹೋಗುವುದನ್ನು ನಿಲ್ಲಿಸಿತು. ಯಹೂದಿಗಳನ್ನು ಪೂರ್ವ ಯೂರೋಪಿಗೆ ಸಾಗಿಸುವ ರೈಲುಗಳು ಆಗ ಹೊರಟಿದ್ದವು.

ನಮ್ಮ ಕಡೆಗೂ ಕೆಲವರು ಬಂದರು. ಬೆಳಿಗ್ಗೆ ರೇಡಿಯೋ ಹಾಕಿದರೆ ಮೊದಲು ಬರುತ್ತಿದ್ದ ಆಕಾಶವಾಣಿಯ ಆ ರಾಗ ನಿಮಗೆಲ್ಲ ಗೊತ್ತು. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎನ್ನುತ್ತಾರೆ. ಬರ್ಲಿನ್‌ನಲ್ಲಿ ಸಂಗೀತ ಕಲಿತು 1934ರಲ್ಲಿ ಮುಂಬಯಿಗೆ ಬಂದ ಯಹೂದಿ. ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿದವರು ಸಿ.ವಿ. ರಾಮನ್. ಕಾಯಂ ಕೆಲಸ ಕೊಡಿಸಲು ರಾಮನ್ ಬಹಳ ಪ್ರಯತ್ನಪಟ್ಟರು. ಸಂಸ್ಥೆಯೊಳಗೆ ವಿರೋಧ ಬಂತು, ಆಗಲಿಲ್ಲ. ಸುಮಾರು ಆರು ತಿಂಗಳಿದ್ದು ಬಾರ್ನ್ ಹೊರಟುಹೋದರು. 1936ರಲ್ಲಿ ಎಡಿನ್‌ಬರೋದಲ್ಲಿ ಕೆಲಸ ಸಿಕ್ಕಿತು. 1954ರಲ್ಲಿ ನೊಬೆಲ್ ಬಂತು. ಅವರ ಸೋದರಳಿಯ ಒಟ್ಟೊ ಕೊನಿಗ್ಸ್‌ಬರ್ಗರ್ ಕೂಡ 1933ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡವರು. ಈಜಿಪ್ಟಿಗೆ ಹೋಗಿ, ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರದ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ಕೈಯಿಂದ ಬಂದವು. ಬೆಂಗಳೂರಿಗೆ ಓದಲು ಹೋಗುವ ನಮ್ಮ ಮಕ್ಕಳು ಆ ದಾರಿಯಲ್ಲಿ ಹೋದರೆ ಒಮ್ಮೆ ನಿಂತು ನೋಡಲಿ.

ಪ್ರಶ್ನೆ: ನಾನು ಇತ್ತೀಚೆಗೆ ಗ್ರಾಮ ಆಡಳಿತ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದ್ದೇನೆ. ನೀವೂ ಇದೇ ಇಲಾಖೆಯಲ್ಲಿ ಇದ್ದವರು ಅಂತ ಗೊತ್ತು. ಅಲ್ಲಿನ ಗುಮಾಸ್ತರು, ಅಧಿಕಾರಿಗಳು ಇದನ್ನೆಲ್ಲ ಹೇಗೆ ಮಾಡಿದರು? ಯಾರೂ ಆಗಲ್ಲ ಅನ್ನಲಿಲ್ವಾ? ನಿಮಗೆ ಎಂದಾದರೂ ಹಾಗೆ ಅನ್ನಿಸಿತ್ತಾ?
– ಮಡಿಕೇರಿ

ಉತ್ತರ: ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ. ನನಗೆ ಕಷ್ಟದ ಪ್ರಶ್ನೆ ಇದು.

ಅವರಲ್ಲಿ ಎಲ್ಲರೂ ನಾಜಿ ಪಕ್ಷದವರಾಗಿರಲಿಲ್ಲ. ಹಾನ್ಸ್ ಗ್ಲೋಬ್ಕೆ ಅಂತ ಒಬ್ಬರಿದ್ದರು. ಗೃಹ ಇಲಾಖೆಯ ಅಧಿಕಾರಿ, ಕಾನೂನು ಓದಿದವರು. ನ್ಯೂರೆಂಬರ್ಗ್ ಕಾನೂನನ್ನು ಕಚೇರಿಗಳು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ವಿವರಣೆ ಬರೆದವರಲ್ಲಿ ಅವರೂ ಒಬ್ಬರು. 'ಇಸ್ರೇಲ್', 'ಸಾರಾ' ಹೆಸರಿನ ಆದೇಶದಲ್ಲೂ ಅವರ ಕೈ ಇತ್ತು. ಪಕ್ಷದ ಸದಸ್ಯರಲ್ಲ. ಯುದ್ಧ ಮುಗಿದ ಮೇಲೆ, 1953ರಿಂದ 1963ರವರೆಗೆ, ಪಶ್ಚಿಮ ಜರ್ಮನಿಯ ಚಾನ್ಸಲರ್ ಕಚೇರಿಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು.

1939ರ ಮೇ ತಿಂಗಳ ಜನಗಣತಿಯಲ್ಲಿ ಮಾಮೂಲಿ ಫಾರಂ ಜೊತೆಗೆ ಇನ್ನೊಂದು ಕಾರ್ಡ್ ಇತ್ತು. ನಾಲ್ವರು ಅಜ್ಜ ಅಜ್ಜಿಯರಲ್ಲಿ ಯಾರು ಯಹೂದಿ ಅಂತ ಅದರಲ್ಲಿ ಬರೆಯಬೇಕು. ಆಮೇಲೆ ಸಾಗಿಸುವ ಕಾಲ ಬಂತು. ರೈಲು ಹತ್ತುವ ಮೊದಲು ಪ್ರತಿಯೊಬ್ಬರೂ 16 ಪುಟದ ಒಂದು ಫಾರಂ ತುಂಬಬೇಕಿತ್ತು. ಕುರ್ಚಿ ಎಷ್ಟು, ಹಾಸಿಗೆ ಎಷ್ಟು, ಅಂಗಿ ಎಷ್ಟು. ನಮ್ಮಲ್ಲಿ ಜಪ್ತಿ ಮಹಜರು ಬರೆಯುತ್ತೀರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಅದನ್ನು ಬರೆಯುವವನು ಮನೆಯ ಯಜಮಾನನೇ. 1941ರ ನವೆಂಬರ್ 25ರ ಆದೇಶದ ಪ್ರಕಾರ ಗಡಿ ದಾಟಿದ ಕೂಡಲೇ ಅವನ ಪೌರತ್ವ ಹೋಗುತ್ತದೆ, ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಮನೆಗೆ ಬೀಗ ಹಾಕಿದ ಮೇಲೆ ಹಣಕಾಸು ಕಚೇರಿಯವರು ಬಂದು ಸಾಮಾನು ಎಣಿಸಿ ಹರಾಜು ಹಾಕಿದರು. ಬಾಕಿ ಇದ್ದ ಕರೆಂಟ್ ಬಿಲ್, ಗ್ಯಾಸ್ ಬಿಲ್ಲನ್ನು ಆ ಹಣದಿಂದ ಕಟ್ಟಿ ಫೈಲಿಗೆ ರಸೀದಿ ಸೇರಿಸಿದರು. ರೈಲ್ವೆಯವರು ಕಿಲೋಮೀಟರಿಗೆ ಇಷ್ಟು ಅಂತ ಟಿಕೆಟ್ ದುಡ್ಡು ಲೆಕ್ಕ ಹಾಕಿದರು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ಈ ಅರ್ಧ ಟಿಕೆಟ್ ಬಗ್ಗೆ ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತೋಟಕ್ಕೆ ಹೋಗಿ ಕೂತೆ.

ಆಗಲ್ಲ ಅಂದವರೂ ಇದ್ದರು. 1938ರ ನವೆಂಬರಿನ ಆ ರಾತ್ರಿ ಬರ್ಲಿನ್‌ನ ಒರಾನಿಯೆನ್‌ಬರ್ಗರ್ ಬೀದಿಯಲ್ಲಿದ್ದ ದೊಡ್ಡ ಯಹೂದಿ ಮಂದಿರಕ್ಕೂ ಬೆಂಕಿ ಇಟ್ಟಿದ್ದರು. ಆ ಪ್ರದೇಶದ ಠಾಣೆಯ ಮುಖ್ಯಸ್ಥ ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಡ್. ಅವರ ಠಾಣೆಯವರು ಒಂದು ಹಳೆ ಸರ್ಕಾರಿ ಪತ್ರ ಹಿಡಿದು ಅಲ್ಲಿಗೆ ಹೋದರು. ಈ ಕಟ್ಟಡ ರಕ್ಷಿತ ಸ್ಮಾರಕ ಅಂತ ಅದರಲ್ಲಿ ಬರೆದಿತ್ತು. ಅದನ್ನು ತೋರಿಸಿ ಬೆಂಕಿ ಹಚ್ಚುವವರನ್ನು ಓಡಿಸಿದರು. ಅಗ್ನಿಶಾಮಕದವರನ್ನು ಕರೆಸಿದರು. ಬೇರೆ ಕಡೆ ಅದೇ ಅಗ್ನಿಶಾಮಕದವರು ಪಕ್ಕದ ಮನೆಗೆ ಬೆಂಕಿ ಹತ್ತದ ಹಾಗೆ ನೋಡಿಕೊಂಡು ಸುಮ್ಮನೆ ನಿಂತಿದ್ದರು. ಇಲ್ಲಿ ಬೆಂಕಿ ಆರಿಸಿದರು. ಕ್ರುಟ್ಸ್‌ಫೆಲ್ಡ್ ಅವರನ್ನು ಮೇಲಧಿಕಾರಿ ಕರೆಸಿ ಬೈದರು. ಕೆಲಸದಿಂದ ತೆಗೆಯಲಿಲ್ಲ, ಜೈಲಿಗೂ ಹಾಕಲಿಲ್ಲ.

ನನ್ನ ಬಗ್ಗೆಯೂ ಕೇಳಿದ್ದೀರಿ. ಇದನ್ನು ಜರ್ಮನಿಯ ಕಥೆಯ ಪಕ್ಕ ಇಡಬೇಡಿ, ಎರಡಕ್ಕೂ ಹೋಲಿಕೆ ಇಲ್ಲ. ಕೇಳಿದಿರಿ ಅಂತ ಹೇಳುತ್ತೇನೆ. ನಾನು ಗುಮಾಸ್ತೆಯಾಗಿದ್ದಾಗ ಎಸ್ಟೇಟಿನ ಲೈನ್ ಮನೆಯಿಂದ ಒಬ್ಬ ಅಜ್ಜಿ ವೃದ್ಧಾಪ್ಯ ವೇತನಕ್ಕೆ ಬರುತ್ತಿದ್ದರು. ಜೂನ್, ಜುಲೈ ತಿಂಗಳು. ಮಳೆಗೆ ಗೊರಬೆ ಹೊದ್ದು ಆರು ಮೈಲಿ ನಡೆದು ಬರುತ್ತಿದ್ದರು. ವಯಸ್ಸಿಗೆ ದಾಖಲೆ ಇರಲಿಲ್ಲ. ಮೊದಲ ಸಲ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಅಂದೆ. ಎರಡನೇ ಸಲ ಅದರಲ್ಲಿ ಸೀಲು ಸರಿಯಾಗಿ ಬಿದ್ದಿಲ್ಲ ಅಂದೆ. ಮೂರನೇ ಸಲ ಸಾಹೇಬರು ಇಲ್ಲ, ಸೋಮವಾರ ಬನ್ನಿ ಅಂದೆ. ಮೂರೂ ನಿಯಮದ ಪ್ರಕಾರ ಸರಿಯಾದ ಮಾತು. ಮೂರು ಸಲವೂ ನಾನು ಕಾಗದವನ್ನು ನೋಡಿ ಮಾತಾಡಿದೆ, ಅವರ ಮುಖ ನೋಡಲಿಲ್ಲ.

ಸೋಮವಾರ ಅವರು ಬರಲಿಲ್ಲ. ಮಳೆಗಾಲ ಮುಗಿದರೂ ಬರಲಿಲ್ಲ. ಹೆಬ್ಬೆಟ್ಟು ಒತ್ತಿದ ಅವರ ಅರ್ಜಿ ನಾನು ಆ ಕಚೇರಿ ಬಿಡುವ ದಿನದವರೆಗೂ ನನ್ನ ಮೇಜಿನ ಎಡಗಡೆಯ ಖಾನೆಯಲ್ಲೇ ಇತ್ತು.